ಮರಿಯವ್ವ ಬಾರದ ದಿನ

ಎರಡು ವರ್ಷದ ಹಿಂದೆ ತನ್ನನ್ನು ನೋಡಲು ಬಂದು, ಒಲ್ಲೆ ಅಂದು ಹೋಗಿದ್ದ ಗಂಡು ತರಬೇತಿಯ ಹಾಲಿನಲ್ಲಿ, ತನ್ನ ಪಕ್ಕದ ಬೋರ್ಡಿಗೆ ಕಾಗದ ಅಂಟಿಸುತ್ತ ನಿಂತಿರುತ್ತಾನೆಂದು ಕೈನಾತಳಿಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೆ ಆಕೆ ಆ ಮುಂಜಾನೆ ಮುಳಗುಂದದಲ್ಲಿ ಬಸ್ಸು ಹತ್ತುತ್ತಲೇ ಇರಲಿಲ್ಲ.

ಗದಗ ಜಿಲ್ಲೆಯಾಗಿ ಎರಡನೇ ಬೇಸಿಗೆ ಅದು. ಹೊಸ ಜಿಲ್ಲೆ ಅಂದಮೇಲೆ ಎಲ್ಲವೂ ಹೊಸದಾಗಿ ಶುರುವಾಗಬೇಕಲ್ಲ. ಐದೂ ತಾಲೂಕಿನ ಡ್ರಾಯಿಂಗ್ ಮಾಸ್ತರುಗಳಿಗೆ ಹದಿನೈದು ದಿನದ ತರಬೇತಿ ಅಂತ ಆದೇಶ ಬಂತು. ಮೇ ತಿಂಗಳ ಸೆಕೆಯಲ್ಲಿ, ಬೆಟಗೇರಿಯ ಒಂದು ಹೈಸ್ಕೂಲಿನ ಹಾಲಿನಲ್ಲಿ ಇಪ್ಪತ್ತಾರು ಜನ ಕೂಡಿದರು. ಅದರಲ್ಲಿ ಹೆಣ್ಣುಮಕ್ಕಳು ನಾಲ್ವರು.

ಕಲಿಸಲು ಬಂದವರು ಬೀರಲಿಂಗಪ್ಪ ಮಾಸ್ತರು. ನಿವೃತ್ತರಾಗಿ ಆರು ವರ್ಷ ಆಗಿದ್ದರೂ ದನಿ ಇನ್ನೂ ನೌಕರಿಯಲ್ಲೇ ಇತ್ತು.

"ಮಕ್ಕಳಿಗೆ ಕೊಡ, ಮಾವಿನಕಾಯಿ ಬರೆಸಿ ಬರೆಸಿ ನಿಮ್ಮ ಕೈ ಜಡ ಆಗ್ಯಾವು. ಹದಿನೈದು ದಿನ ಒಂದ ಕೆಲಸ. ಮಲಗಿದ ಮನಷ್ಯಾ. ಮೊದಲ ಇದ್ದಲಿ, ಆಮ್ಯಾಲ ಪೇಸ್ಟಲ್ ಬಣ್ಣ. ಒಂದು ಚಿತ್ರ ಪೂರಾ ಆತು, ಸರ್ಟಿಫಿಕೇಟ್ ಒಯ್ರಿ. ಆಗಲಿಲ್ಲ, ಬರಿಗೈಲೆ ಹೋಗ್ರಿ." ಹಾಜರಿ ಪುಸ್ತಕ ತೆರೆದು ಹೆಸರು ಜೋಡಿಸತೊಡಗಿದರು. "ಇಬ್ಬಿಬ್ಬರು ಜೋಡಿ. ಒಬ್ಬರ ತಪ್ಪು ಇನ್ನೊಬ್ಬರು ಹೇಳಬೇಕು. ಮುಳಗುಂದದ ಕೈನಾತ ಅಕ್ಕಾರು, ಲಕ್ಷ್ಮೇಶ್ವರದ ಶಫೀಕ ಸರ್."

ಆತ ತಲೆ ಎತ್ತಿದ. ಗುರುತು ಹತ್ತಿತು. ಕೈಯಲ್ಲಿದ್ದ ಪಿನ್ನು ಕೆಳಗೆ ಬಿತ್ತು.

"ನೀವು ಇಲ್ಲಿ ಬರ್ತೀರಂತ ಗೊತ್ತಿದ್ದಿಲ್ಲ," ಅಂದ.

"ನಿಮ್ಮ ಬೋರ್ಡು ಆಕಡೆ ಸರಿಸ್ರಿ ಸರ್," ಅಂದಳು ಕೈನಾತ. "ನನ್ನ ಕಾಗದದ ಮ್ಯಾಲ ನೆರಳು ಬೀಳಾಕತ್ತೈತಿ."

ಕೈನಾತಳ ಅಪ್ಪ ಮರ್ದಾನಸಾಬರು ಮುಳಗುಂದದಲ್ಲಿ ಅರಳೆ ಹಿಂಜಿ ಗಾದಿ ಹೊಲಿಯುವವರು. ಎರಡು ವರ್ಷದ ಹಿಂದಿನ ಮಾತು; ಆಗಿನ್ನೂ ಮುಳಗುಂದ ಧಾರವಾಡ ಜಿಲ್ಲೆಯಲ್ಲಿತ್ತು. ಲಕ್ಷ್ಮೇಶ್ವರದಿಂದ ಹುಡುಗ, ಅವನ ತಾಯಿ, ಸೋದರಮಾವ ಬಂದರು. ಹುಡುಗನೂ ಡ್ರಾಯಿಂಗ್ ಮಾಸ್ತರ, ಹುಡುಗಿಯೂ ಡ್ರಾಯಿಂಗ್ ಕಲಿತವಳು. ಇಂಥ ಜೋಡಿ ಹುಡುಕಿದರೂ ಸಿಗುವುದಿಲ್ಲ ಅಂತ ಓಣಿಯೇ ಮಾತಾಡಿತು. ಕೈನಾತಳ ತಾಯಿ ಅಮೀನಬಿ ಶಿರಾ ಮಾಡಿದ್ದಳು. ಹುಡುಗ ಶಿರಾ ಮುಟ್ಟಲಿಲ್ಲ. ಗೋಡೆಯ ಮೇಲೆ ಕೈನಾತ ಬರೆದ ಒಂದು ಚಿತ್ರವಿತ್ತು: ಮಧ್ಯಾಹ್ನ ಅರಳೆಯ ರಾಶಿಗೆ ಒರಗಿ ನಿದ್ದೆಹೋದ ಅಪ್ಪ. ಅದರ ಮುಂದೆ ಹೋಗಿ ನಿಂತವನು ಬಹಳ ಹೊತ್ತು ನಿಂತ. ಕೈನಾತಳ ಕಡೆ ಅವನು ಒಂದೇ ಸಲ ನೋಡಿದ್ದು. ಅದೂ ಆ ಚಿತ್ರ ನೋಡಿದ ಮೇಲೆ. ಆ ಒಂದು ನೋಟ ಕೈನಾತಳ ಎದೆಯಲ್ಲಿ ಎಂಟು ದಿನ ಇತ್ತು.

ಒಂಬತ್ತನೇ ದಿನ, ಸಂಬಂಧ ತಂದಿದ್ದ ಖಾಸಿಂಸಾಬನ ಬಾಯಲ್ಲಿ ಮಾತು ಬಂತು. ಹುಡುಗ ಒಲ್ಲೆ ಅಂದಾನ. ಹುಡುಗಿ ಬಣ್ಣ ಕಡಿಮಿ.

ಒಂದು ಗಂಡು ಒಲ್ಲೆ ಅಂದ ಹುಡುಗಿಯ ಮನೆಗೆ ಎರಡನೆಯದು ಅನುಮಾನಿಸುತ್ತಲೇ ಬರುತ್ತದೆ. ಮೂರನೆಯದು ಬಾಗಿಲಿಗೆ ಬರದೆ ಹೊರಗಿನಿಂದಲೇ ವಿಚಾರಿಸಿ ಹೋಯಿತು. ಅಮೀನಬಿ ಪೇಟೆಯಿಂದ ಬೆಳ್ಳಗಾಗುವ ಕ್ರೀಮು ತಂದು, ಮಗಳ ಮುಂದೆ ಇಡಲು ನಾಚಿ, ಕನ್ನಡಿಯ ಹಿಂದೆ ಇಟ್ಟಳು. ಕೈನಾತ ಗೋಡೆಯ ಚಿತ್ರ ಇಳಿಸಿ ಸುತ್ತಿಟ್ಟಳು. ಒಂದು ವರ್ಷ ಕೈಯಲ್ಲಿ ಪೆನ್ಸಿಲ್ ಹಿಡಿಯಲಿಲ್ಲ. ಊರಲ್ಲೇ ಶಾಲೆಯ ನೌಕರಿ ಸಿಕ್ಕಾಗ ಹೊಟ್ಟೆಪಾಡಿಗೆ ಹಿಡಿದಳು.

ಇಂಥವನು ಈಗ ಆಕೆಯ ತಪ್ಪು ಹೇಳಬೇಕಂತೆ.

ಮಾಡೆಲ್ ಆಗಿ ಬಂದಾಕೆ ಮರಿಯವ್ವ. ಮುಂಜಾನೆ ಬೆಟಗೇರಿಯಲ್ಲಿ ಸೊಪ್ಪು, ತಪ್ಪಲ ಪಲ್ಲೆ ಮಾರಿ ಹತ್ತಕ್ಕೆ ಹಾಲಿಗೆ ಬರುತ್ತಿದ್ದಳು. ಎರಡು ಮೇಜು ಕೂಡಿಸಿ ಗಾದಿ ಹಾಸಿದ್ದರು. ಅದರ ಮೇಲೆ ಒಂದು ಮಗ್ಗುಲಾಗಿ, ತಲೆಗೆ ಕೈ ಕೊಟ್ಟು ಮಲಗಿದಳೆಂದರೆ ಬೀರಲಿಂಗಪ್ಪ ಮಾಸ್ತರು ಸಾಕು ಅನ್ನುವ ತನಕ ಅಲ್ಲಾಡುತ್ತಿರಲಿಲ್ಲ. "ಅರವತ್ತು ವರ್ಷದಾಗ ಹಗಲು ಮಲಗಿದಾಕಿ ಅಲ್ಲ ನಾ," ಅನ್ನುತ್ತಿದ್ದಳು. "ಮಲಗು ಅಂತ ಕರದವರು ನೀವ ಮೊದಲ."

ಮಾಸ್ತರು ನಡುವೆ ತಿರುಗುತ್ತ ಹೇಳುತ್ತಿದ್ದರು: "ಕಣ್ಣು ಕಿರಿದು ಮಾಡಿ ನೋಡ್ರಿ. ಮೂಗು, ಬೆರಳು ಆಮ್ಯಾಲ. ಮೊದಲ ಕಾಗದದಾಗ ಜಾಗ ಹಿಡೀರಿ. ಮಲಗಿದ ಮೈ ಅಡ್ಡಡ್ಡ ಗೀಟಿನಂಗ ಇಟ್ಟರ ಚಿತ್ರನೂ ಮಲಗತೈತಿ. ಓರೆ ಹಿಡೀರಿ. ಖಾಲಿ ಜಾಗನೂ ನೋಡ್ರಿ."

ಮೂರನೇ ದಿನ ಜೋಡಿಯವರು ಬೋರ್ಡು ಬದಲಿಸಿ ನೋಡಬೇಕಾಯಿತು. ಶಫೀಕನ ಗೆರೆ ಚೊಕ್ಕ ಇತ್ತು. ಒಂದೂ ತಪ್ಪಿಲ್ಲದ, ಪಠ್ಯಪುಸ್ತಕದಂಥ ಚಿತ್ರ. ಕೈನಾತ ಅದನ್ನು ನೋಡಿ, ಮರಿಯವ್ವನನ್ನು ನೋಡಿ ಅಂದಳು:

"ನಿಮ್ಮ ಮರಿಯವ್ವ ತೇಲಾಕತ್ತಾಳ."

"ಅಂದ್ರ?"

"ಭಾರ ಇಲ್ಲ. ಟೊಂಕ, ಹೆಗಲು ಗಾದಿಯೊಳಗ ಇಳೀಬೇಕು. ಅಲ್ಲಿ ಅರಳಿ ತಗ್ಗತೈತಿ, ಬಾಜೂಕ ಉಬ್ಬತೈತಿ. ನೀವು ಗಾದಿ ಮ್ಯಾಲ ಬರೇ ಸೀರಿ ಇಟ್ಟೀರಿ."

ಆತ ಅವಳ ಬೋರ್ಡು ನೋಡಿದ. "ನಿಮ್ಮ ಮರಿಯವ್ವಗ ಪಾದ ಇಲ್ಲ."

ಖರೆ ಇತ್ತು. ಕೈನಾತ ಯಾವಾಗಲೂ ತಲೆಯಿಂದ ಶುರು ಮಾಡುವಳು, ದೊಡ್ಡದಾಗಿ ಶುರು ಮಾಡುವಳು. ಕಾಲಿಗೆ ಬರುವಷ್ಟರಲ್ಲಿ ಕಾಗದ ಮುಗಿದಿರುತ್ತಿತ್ತು. ಖರೆ ಇದ್ದದ್ದಕ್ಕೇ ಸಿಟ್ಟು ಹೆಚ್ಚಾಯಿತು.

"ನನ್ನ ಕಾಗದ, ನನ್ನ ಇಷ್ಟ," ಅಂದಳು.

"ನಾ ಮಲಗೀನಿ, ನನ್ನ ಕಿವಿ ಮಲಗಿಲ್ಲ," ಅಂದಳು ಮರಿಯವ್ವ ಕಣ್ಣು ಮುಚ್ಚಿಕೊಂಡೇ. "ಇಬ್ಬರೂ ಕಚ್ಚಾಡ್ರಿ, ಆದರ ಮೆಲ್ಲಕ."

ದಿನಗಳು ಹೀಗೇ ಸಾಗಿದವು. ಇದ್ದಿಲ ಕಡ್ಡಿ ಮುಂದೆ ಚಾಚಿ, ಒಂದು ಕಣ್ಣು ಮುಚ್ಚಿ ಅಳತೆ ತೆಗೆಯುವಾಗ ಕಡ್ಡಿಯ ತುದಿಯಾಚೆ ಅವನ ಮುಖ ಸಿಗುತ್ತಿತ್ತು. ಆಕೆ ಕಡ್ಡಿ ಸರಿಸುತ್ತಿದ್ದಳು. ಸರಿಸಿದ ಮೇಲೂ ಅವನು ನೋಡುತ್ತಿರುತ್ತಾನೆಂದು ಗೊತ್ತಾಗುತ್ತಿತ್ತು. ಅವನು ನೋಡುತ್ತಿದ್ದದ್ದು ಮುಖವಲ್ಲ, ಅವಳ ಕೈ. ಅದು ಇನ್ನೂ ಕಿರಿಕಿರಿ. ಒಂದು ದಿನ ಅವನ ಹಣೆಯ ಮೇಲೆ ಇದ್ದಿಲು ಅಡ್ಡಕ್ಕೆ ಹತ್ತಿತ್ತು. ಕೈನಾತ ನೋಡಿದಳು, ಹೇಳಲಿಲ್ಲ. ಅವನು ಹಾಗೇ ಊಟಕ್ಕೆ ಹೋಗಿ ಎಲ್ಲರ ನಗೆಗೆ ಸಿಕ್ಕ. ಆಕೆಗೆ ಆ ದಿನದ ರೊಟ್ಟಿ ರುಚಿ ಹತ್ತಿತು.

ಮರುದಿನ ಕೈನಾತಳ ಗದ್ದಕ್ಕೆ ಹತ್ತಿತ್ತು. ಅವನು ಮೆಲ್ಲಗೆ ಅಂದ, "ಗದ್ದಕ್ಕ ಇದ್ದಲಿ ಹತ್ತೇತಿ ನೋಡ್ರಿ."

"ಇರಲಿ. ನಾ ಮೊದಲ ಕಪ್ಪ. ಕಾಣೂದಿಲ್ಲ."

"ಹಂಗ್ಯಾಕ ಅಂತೀರಿ?"

"ನಾ ಅಂದದ್ದಲ್ಲ. ನೀವು ಅಂದದ್ದು. ಎರಡು ವರ್ಷದ ಹಿಂದ."

ಅವನು ಏನೋ ಹೇಳಲು ಬಾಯಿ ತೆರೆದು ಮುಚ್ಚಿಕೊಂಡ. ಅಲ್ಲ ಅಂತ ಒಂದು ಮಾತು ಅಂದಿದ್ದರೂ ಆಕೆ ನಂಬುತ್ತಿರಲಿಲ್ಲ. ಆದರೆ ಅವನು ಅನ್ನಲೂ ಇಲ್ಲ. ಹಾಗಾದರೆ ಖರೆ, ಅಂದುಕೊಂಡಳು ಕೈನಾತ. ಇಷ್ಟು ದಿನ ತನಗೇ ಗೊತ್ತಿಲ್ಲದೆ ಒಳಗೆಲ್ಲೋ ಸುಳ್ಳಿರಬಹುದು ಎಂಬ ಆಸೆ ಇಟ್ಟುಕೊಂಡಿದ್ದೆನೆಂದು ಆಗ ಗೊತ್ತಾಯಿತು. ಅವತ್ತು ಆಕೆಯ ಕೈಯಲ್ಲಿ ಮೂರು ಕಡ್ಡಿ ಮುರಿದವು.

ಹನ್ನೆರಡನೇ ದಿನ ಮರಿಯವ್ವ ಬರಲಿಲ್ಲ. ಡೋಣಿ ಎಂಬ ಊರಿನಲ್ಲಿದ್ದ ಮಗಳಿಗೆ ಹೆರಿಗೆ ಬೇನೆ ಶುರುವಾಗಿ ಮೊದಲ ಬಸ್ಸಿಗೆ ಹೋಗಿದ್ದಳು. ಹಾಲಿನಲ್ಲಿ ಖಾಲಿ ಗಾದಿ, ಅದರ ಸುತ್ತ ಅರ್ಧಮರ್ಧ ಚಿತ್ರಗಳು.

"ನಿಮ್ಮೊಳಗ ಒಬ್ಬರು ಮಲಗ್ರಿ," ಅಂದರು ಮಾಸ್ತರು. "ಹೊಸಾ ಕಾಗದ ತಗೋರಿ. ಮೂರು ದಿನ ಸಾಕು. ಮಲಗಿದವರಿಗೆ ಚಿತ್ರ ಇಲ್ಲದನ ಸರ್ಟಿಫಿಕೇಟ್. ಯಾರು ಮಲಗ್ತೀರಿ?"

ಯಾರೂ ಮಿಸುಕಲಿಲ್ಲ. ದಿನಾ ಇನ್ನೊಬ್ಬರನ್ನು ನೋಡುವ ಇಪ್ಪತ್ತಾರು ಜನರಲ್ಲಿ ನೋಡಿಸಿಕೊಳ್ಳಲು ಒಬ್ಬರೂ ತಯಾರಿರಲಿಲ್ಲ.

"ಶಫೀಕ ಸರ್ ಮಲಗಲಿ," ಅಂದಳು ಕೈನಾತ. "ಬಾಯಿ ಮುಚ್ಚಿಕೊಂಡ ಇರೂದು ಅವರಿಗೆ ಚಲೋ ಬರತೈತಿ."

ಎಲ್ಲರೂ ನಕ್ಕರು. ಅವನು ಆಕೆಯ ಕಡೆ ನೋಡಿದ. ಎದ್ದು ಹೋಗಿ ಮೇಜು ಹತ್ತಿದ.

"ಅಂಗಿ ತಗೀರಿ. ಬನಿಯನ್ ಮ್ಯಾಲ ಮಲಗ್ರಿ. ಅಂಗಿಯೊಳಗ ಮೈ ತಿಳಿಯೂದಿಲ್ಲ," ಅಂದರು ಮಾಸ್ತರು. ಅವನು ಅಂಗಿ ತೆಗೆದ. ಬನಿಯನ್ನಿನ ಬಗಲಲ್ಲಿ ಒಂದು ತೂತಿತ್ತು. ಕೈಯಿಂದ ಮುಚ್ಚಲು ಹೋದ. ಮಾಸ್ತರು ಆ ಕೈ ಎತ್ತಿ ತಲೆಯ ಕೆಳಗೆ ಇಟ್ಟರು, ಇನ್ನೊಂದನ್ನು ಎದೆಯ ಮೇಲೆ ಇಟ್ಟರು. ಕಾಲ ಸುತ್ತ, ಮೊಣಕೈ ಸುತ್ತ ಚಾಕ್‌ಪೀಸಿನಿಂದ ಗುರುತು ಹಾಕಿದರು.

ಕೈನಾತ ಬೋರ್ಡು ಎತ್ತಿ ಅವನ ಕಾಲ ಕಡೆ ಹೋಗಿ ಕೂತಳು. ಎಲ್ಲರೂ ಬಿಡುವ ಜಾಗ ಅದು. ಅಲ್ಲಿಂದ ಪಾದ ದೊಡ್ಡದಾಗಿ, ಮೈ ಗಿಡ್ಡಾಗಿ, ಮುಖ ದೂರದಲ್ಲಿ ಸಣ್ಣದಾಗಿ ಕಾಣುತ್ತದೆ. ಅವನು ಹಾಗೇ ಕಾಣಲಿ ಅಂತಲೇ ಕೂತದ್ದು. ಪಾದದಿಂದ ಶುರು ಮಾಡಿದಳು.

ಇದ್ದಿಲನ್ನು ಅಡ್ಡ ಹಿಡಿದು ಕಪ್ಪನ್ನು ರಾಶಿ ಹಾಕಿದಳು. ಬ್ರೆಡ್ಡಿನ ಚೂರು ಹಿಸುಕಿ ಉಂಡೆ ಮಾಡಿ ಬೆಳಕು ಬೀಳುವ ಕಡೆ ಒತ್ತಿ ಕಪ್ಪನ್ನು ಅಳಿಸಿದಳು. ಬಿರುಕು ಬಿಟ್ಟ ಹಿಮ್ಮಡಿ. ಚಪ್ಪಲಿಯ ಪಟ್ಟಿ ಕೂತು ಬೆಳ್ಳಗುಳಿದ ಗೆರೆ. ಉಸಿರಿಗೆ ಏಳುವ, ಏಳದಂತೆ ಹಿಡಿದಿಟ್ಟ ಎದೆ. ಬನಿಯನ್ನಿನ ತೂತನ್ನೂ ಬಿಡಲಿಲ್ಲ. ಕುರೂಪ ಮಾಡಬೇಕೆಂದೇ ಕೂತಿದ್ದಳು. ಆದರೆ ಒಂದು ತಾಸು ಒಬ್ಬ ಮನುಷ್ಯನ ಪಾದ ನೋಡುತ್ತ ಕೂತರೆ ಸಿಟ್ಟು ಗೆರೆ ತಪ್ಪಿಸುತ್ತದೆ, ಗೆರೆ ಸರಿ ಬೇಕೆಂದರೆ ಸಿಟ್ಟನ್ನು ಅಷ್ಟು ಹೊತ್ತು ಬದಿಗಿಡಬೇಕಾಗುತ್ತದೆ. ಹಾಗೆ ಇಟ್ಟಳು. ತನ್ನ ಕೆಲಸದ ಸಲುವಾಗಿ ಇಟ್ಟಳೇ ಹೊರತು ಅವನ ಸಲುವಾಗಿ ಅಲ್ಲ.

ಚಹಾಕ್ಕೆ ಬಿಟ್ಟರು. ಎಲ್ಲರೂ ವರಾಂಡಕ್ಕೆ ಹೋದರು. ಅವನು ಏಳಲಿಲ್ಲ.

"ಏಳ್ರಿ. ಚಾ ಬಂದೈತಿ," ಅಂದಳು.

"ಎದ್ದರ ಪಾದ ಸರೀತಾವು. ನಿಮ್ಮದು ಅಲ್ಲೇ ಅರ್ಧ ಐತಿ."

ಆಕೆ ಕೆಲಸ ಮುಂದುವರಿಸಿದಳು. ಮೇಲೆ ಫ್ಯಾನು ಕಟಕಟ ತಿರುಗುತ್ತಿತ್ತು. ಅವನು ಅದನ್ನು ನೋಡುತ್ತಲೇ ಮಾತಾಡಿದ.

"ಕಪ್ಪು ಅಂತ ನಾ ಅಂದಿಲ್ಲ."

"ಮತ್ಯಾರು ಅಂದ್ರು?"

"ಅವ್ವ ಅಂದದ್ದು. ಒಲ್ಲೆ ಅಂತಷ್ಟ ಹೇಳಿದೆ ನಾ. ಯಾಕ ಅಂತ ಕೇಳಿದ್ಲು, ಹೇಳಲಿಲ್ಲ. ಮಂದಿಗೆ ಆಕಿ ಏನರ ಒಂದು ಹೇಳಬೇಕಿತ್ತು. ಏನು ಹೇಳಿದಿ ಅಂತ ನಾ ಕೇಳಲೇ ಇಲ್ಲ. ಮೊನ್ನೆ ನೀವಂದ ಮ್ಯಾಲ ಊರಿಗೆ ಹೋಗಿ ಕೇಳಿದೆ."

ಇದ್ದಿಲು ನಿಂತಿತು. "ಹಂಗಾದರ ಯಾಕ ಒಲ್ಲೆ ಅಂದ್ರಿ?"



"ನಿಮ್ಮ ಮನ್ಯಾಗ ಆ ಚಿತ್ರ ನೋಡಿದೆ. ನಿಮ್ಮಪ್ಪ ಮಲಗಿದ್ದು. ಆಗ ನಾ ನೌಕರಿಗೆ ಸೇರಿ ಏಳು ವರ್ಷ. ಲಕ್ಷ್ಮೇಶ್ವರದಾಗ ಯಾರ ಮನ್ಯಾಗ ಏನ ಬರೀಬೇಕಂದ್ರೂ ನನ್ನ ಕರೀತಾರ. ಆರ್ಟಿಸ್ಟ್ ಅಂತಾರ. ಆ ಚಿತ್ರದ ಮುಂದ ನಿಂತಾಗ ಗೊತ್ತಾತು, ಇದು ನನ್ನ ಕೈಲೆ ಸತ್ತರೂ ಆಗೂದಿಲ್ಲ ಅಂತ. ಈಕಿನ್ನ ಮನಿಗೆ ಕರಕೊಂಡು ಹೋದರ ದಿನಾ ಬೆಳಿಗ್ಗೆ ಎದ್ದು ಇದನ್ನ ನೋಡಬೇಕಲ್ಲ ಅನಿಸ್ತು. ಹೊಟ್ಟಿಕಿಚ್ಚು. ಬ್ಯಾರೆ ಏನೂ ಅಲ್ಲ. ಹಿಂದಿರುಗಿ ನಿಮ್ಮ ಮುಖ ನೋಡಿದೆ. ಮನಸ್ಸು ಬಂತು. ಮನಸ್ಸು ಬಂದದ್ದಕ್ಕ ಇನ್ನೂ ಅಂಜಿಕಿ ಆತು."

ಕೈನಾತಳಿಗೆ ಮೊದಲು ಏನೂ ಅನಿಸಲಿಲ್ಲ. ಆಮೇಲೆ ಸಿಟ್ಟು ಬಂತು. ಎರಡು ವರ್ಷ ಇದ್ದ ಸಿಟ್ಟಿಗಿಂತ ಇದು ದೊಡ್ಡದು.

"ಕಪ್ಪು ಅಂದಿದ್ದರ ಪಾಡಿತ್ತು," ಅಂದಳು. ದನಿ ಎತ್ತಲಿಲ್ಲ. "ಅದು ನನ್ನ ಕೈಯಾಗ ಇಲ್ಲದ್ದು, ಆತು ಬಿಡು ಅಂತಿದ್ದೆ. ನೀವು ನನ್ನ ಕೈ ಚಲೋ ಐತಿ ಅಂತ ನನ್ನ ಒಲ್ಲೆ ಅಂದ್ರಿ. ಆ ಕೈಲೆ ನಾ ಒಂದು ವರ್ಷ ಒಂದು ಗೆರಿ ಎಳೀಲಿಲ್ಲ. ಗೊತ್ತೈತೇನು ನಿಮಗ? ನಮ್ಮವ್ವ ಕನ್ನಡಿ ಹಿಂದ ಕ್ರೀಮು ಇಡತಾಳ. ನಮ್ಮಪ್ಪ ಮದುವಿ ಮನಿಗೆ ಹೋಗೂದು ಬಿಟ್ಟಾನ."

ಅವನು ದಡಕ್ಕನೆ ಎದ್ದು ಕೂತ. ಕಣ್ಣು ತುಂಬಿದ್ದವು.

"ಮಲಗ್ರಿ," ಅಂದಳು ಕೈನಾತ. "ಚಿತ್ರ ಇನ್ನೂ ಮುಗಿದಿಲ್ಲ."

ಅವನು ಚಾಕಿನ ಗುರುತು ನೋಡಿ ನೋಡಿ ಮತ್ತೆ ಮಲಗಿದ. ಪಾದ ಎರಡು ಬೆರಳಿನಷ್ಟು ಆಚೆ ಬಂದಿತ್ತು. ಆಕೆ ಎದ್ದು ಹೋಗಿ, ಹಿಮ್ಮಡಿ ಹಿಡಿದು ಗುರುತಿಗೆ ಸರಿಯಾಗಿ ಇಟ್ಟಳು. ಅವಳ ಬೆರಳಿನ ಇದ್ದಿಲ ಗುರುತುಗಳು ಅವನ ಪಾದದ ಮೇಲೆ ಮೂಡಿದವು. ಇಬ್ಬರೂ ಅದನ್ನು ನೋಡಿದರು. ವರಾಂಡದಿಂದ ಜನ ಒಳಗೆ ಬಂದರು.

ಎರಡು ದಿನ ಪೇಸ್ಟಲ್ ಹಾಕಿದಳು. ಕಂದು ಕಾಗದದ ಬಣ್ಣವನ್ನೇ ಮೈಬಣ್ಣಕ್ಕೆ ಬಿಟ್ಟು, ಹೆಗಲಿಗೆ ಕೆಂಪುಮಣ್ಣು, ನೆರಳಿಗೆ ಗಾಢ ನೇರಳೆ, ಗಾದಿಗೆ ಅರಳೆಯಂಥ ಬಿಳಿ. ಅವನೂ ತನ್ನಷ್ಟೇ ಕಪ್ಪಗಿದ್ದಾನೆಂದು ಬಣ್ಣದ ಕಡ್ಡಿ ಹುಡುಕುವಾಗ ಗೊತ್ತಾಯಿತು. ಎರಡು ವರ್ಷ ಅದನ್ನು ಗಮನಿಸಿಯೇ ಇರಲಿಲ್ಲವಲ್ಲ ಅಂತ ನಗೆ ಬಂತು, ನುಂಗಿಕೊಂಡಳು. ಹದಿನಾಲ್ಕನೇ ದಿನ, ಶುಕ್ರವಾರ, ಮಧ್ಯಾಹ್ನದ ಮೊದಲೇ ಎಲ್ಲರ ಚಿತ್ರಗಳೂ ಮುಗಿದವು. ಬೀರಲಿಂಗಪ್ಪ ಮಾಸ್ತರು ಕೈನಾತಳ ಹಿಂದೆ ಬಂದು ನಿಂತರು. ಬಹಳ ಹೊತ್ತು ನಿಂತರು.

"ಎಲ್ಲಾ ಕಾಗದದಾಗ ಹಿಡದಾವು," ಅಂದರು. "ಪಾದನೂ ಹಿಡದಾವು. ಮನಷ್ಯಾನ ಭಾರ ಗಾದಿಗೆ ಬಂದೈತಿ. ಜೋಡಿಯವರು ತಪ್ಪು ಹೇಳ್ರಿ."

ಶಫೀಕ ಅಂಗಿ ಗುಂಡಿ ಹಾಕುತ್ತ ಬಂದ. ತನ್ನನ್ನು ತಾನು ನೋಡಿದ. ಮುಚ್ಚಿಡುವಂಥದ್ದು ಅಲ್ಲಿ ಏನೂ ಉಳಿದಿರಲಿಲ್ಲ. ಆದರೂ ಆ ಚಿತ್ರದಲ್ಲಿ ಅವನನ್ನು ಯಾರೂ ಅವಮಾನ ಮಾಡಿರಲಿಲ್ಲ.

"ಎದಿ ಬಿಗಿ ಆಗೇತಿ," ಅಂದ. "ಉಸಿರು ಹಿಡದಂಗ ಕಾಣತೈತಿ."

"ನೀವು ಹಿಡದಿದ್ರಿ," ಅಂದಳು ಕೈನಾತ.

"ಹೌದು. ಹಂಗಾದರ ತಪ್ಪಿಲ್ಲ."

ಅವನು ನಮಾಜಿಗೆ ಅಂತ ಹೇಳಿ ಹೋದವನು ಮಧ್ಯಾಹ್ನದ ಮೇಲೆ ಮರಳಿ ಬರಲಿಲ್ಲ.

ಸಂಜೆ ಕೈನಾತ ಮನೆಗೆ ಬಂದಾಗ ಓಣಿಯ ಕಟ್ಟೆಯ ಮೇಲೆ ಜನ ಇನ್ನೂ ಚದುರಿರಲಿಲ್ಲ. ಮರ್ದಾನಸಾಬರು ಅರಳೆಯ ಮುಂದೆ ಕೆಲಸ ಬಿಟ್ಟು ಕೂತಿದ್ದರು. ಅಮೀನಬಿ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು.

"ಆ ಲಕ್ಷ್ಮೇಶ್ವರದ ಹುಡುಗ ಬಂದಿದ್ದ," ಅಂದರು ಅಪ್ಪ.

"ಯಾಕಂತ?"

"ನಮ್ಮ ಮಸೂತಿಯಿಂದ ಮಂದಿ ಹೊರಗ ಬರೂವಾಗ ಎಲ್ಲಾರ ಮುಂದ ನಿಂತ. ಇವರ ಮಗಳೊಳಗ ಕಡಿಮಿ ಏನೂ ಇದ್ದಿಲ್ಲ, ಕಡಿಮಿ ನನ್ನೊಳಗಿತ್ತು, ಆಕಿಯಷ್ಟು ಬರಿಯಾಕ ನನಗ ಬರೂದಿಲ್ಲ, ಅದಕ್ಕ ಅಂಜಿ ಒಲ್ಲೆ ಅಂದೆ, ಬಣ್ಣದ ಮಾತು ಸುಳ್ಳು ಅಂದ. ಖಾಸಿಂಸಾಬ ದಲಾಲಿ ಮಾಡಿದ್ನಲ್ಲ ಆಗ, ಅವನ್ನೂ ಕರಕೊಂಡ ಬಂದು ನಿಲ್ಲಿಸಿದ್ದ. ಆಮ್ಯಾಲ ಮನಿಗೆ ಬಂದು ನಿಮ್ಮವ್ವನ ಮುಂದ ಮತ್ತ ಅದ ಹೇಳಿದ."

"ಹೆಣ್ಣು ಕೇಳಿದ್ನೇನು?"

"ಇಲ್ಲ," ಅಂದಳು ಅಮೀನಬಿ. "ಕೇಳ್ತಾನೇನೋ ಅಂತ ನಾನೂ ನೋಡಿದೆ. ಕೇಳಲಿಲ್ಲ. ನೀರು ಕುಡದು ಹೋದ."

ಕೈನಾತ ಒಳಗೆ ಹೋಗಿ ಕೈ ತೊಳೆದಳು. ಉಗುರಿನ ಸಂದಿಯ ಕಪ್ಪು ಎಷ್ಟು ತಿಕ್ಕಿದರೂ ಹೋಗಲಿಲ್ಲ. ಊರ ಮಂದಿಯ ಮುಂದೆ ಒಬ್ಬ ಗಂಡಸು, ಈಕೆಯಷ್ಟು ನನಗೆ ಬರುವುದಿಲ್ಲ ಅಂತ ಅನ್ನುವುದನ್ನು ಆಕೆ ಹುಟ್ಟಿದ ಮೇಲೆ ಕೇಳಿರಲಿಲ್ಲ.

ಮರುದಿನ ಸರ್ಟಿಫಿಕೇಟು ಹಂಚಿ, ಫೋಟೋ ತೆಗೆಸಿ, ಎಲ್ಲರೂ ಗದಗ ಬಸ್ ಸ್ಟ್ಯಾಂಡಿಗೆ ಬಂದರು. ಮುಳಗುಂದದ ಬಸ್ಸಿಗೆ ಇನ್ನೂ ಹೊತ್ತಿತ್ತು. ಶಫೀಕ ದೂರದ ಬೆಂಚಿನ ಮೇಲೆ ಕೂತಿದ್ದ. ಆ ದಿನವೆಲ್ಲ ಆಕೆಯ ಹತ್ತಿರ ಬಂದಿರಲಿಲ್ಲ. ಕೈನಾತಳೇ ಹೋಗಿ ಮುಂದೆ ನಿಂತಳು. ಅವನು ಎದ್ದ.

"ಮಸೂತಿ ಮುಂದ ಹೇಳಂತ ನಿಮಗ ಯಾರು ಹೇಳಿದ್ರು?"

"ಯಾರೂ ಹೇಳಲಿಲ್ಲ. ಸುಳ್ಳು ಓಣಿಗೆಲ್ಲ ಗೊತ್ತಿತ್ತು. ಖರೆನೂ ಓಣಿಗೆಲ್ಲ ಗೊತ್ತಾಗಬೇಕಲ್ಲ."

"ನಿಮ್ಮವ್ವ?"

"ಅತ್ಲು. ನಾಳೆ ಐತವಾರ ಬಂದು ನಿಮ್ಮವ್ವನ ಮುಂದ ಕುಂಡ್ರತೀನಿ ಅಂದಾಳ. ಬರೇ ತಪ್ಪು ಒಪ್ಪಿಕೊಳ್ಳಾಕ. ಬ್ಯಾರೆ ಮಾತು ತಗೀಬ್ಯಾಡ ಅಂತ ನಾ ಹೇಳೀನಿ."

"ಯಾಕ ತಗೀಬಾರದು?"

ಅವನು ಆಕೆಯ ಮುಖ ನೋಡಿದ. ಈ ಸಲ ಕೈಯನ್ನಲ್ಲ. "ಆ ಮಾತು ತಗಿಯೂ ಹಕ್ಕು ನನಗಿಲ್ಲ. ಮನಸ್ಸು ಐತಿ. ಅವತ್ತೂ ಇತ್ತು."

ಕೈನಾತ ಸುತ್ತಿದ ಚಿತ್ರವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿದಳು.

"ನಿಮ್ಮ ಮ್ಯಾಲಿನ ಸಿಟ್ಟು ಹೋಗಿಲ್ಲ."

"ಗೊತ್ತೈತಿ."

"ಹೋಗತೈತಿ ಅಂತ ಮಾತು ಕೊಡಾಕ ಆಗೂದಿಲ್ಲ."

"ಕೊಡಬ್ಯಾಡ್ರಿ."

"ನಾ ಬರಿಯೂದು ಬಿಡೂದಿಲ್ಲ. ನಿಮ್ಮ ಮನಿ ಗ್ವಾಡಿ ತುಂಬ ಹಾಕತೀನಿ. ದಿನಾ ನೋಡಾಕ ಆಗತೈತೇನು ನಿಮಗ?"

ಅವನು ಲಗೂನೆ ಹೂಂ ಅನ್ನಲಿಲ್ಲ. ಯೋಚನೆ ಮಾಡಿದ. ಆ ಯೋಚನೆ ಆಕೆಗೆ ಹಿಡಿಸಿತು.

"ಒಂದೊಂದು ದಿನ ಹೊಟ್ಟಿ ಉರೀತೈತಿ," ಅಂದ. "ಉರಿಯೂದಿಲ್ಲ ಅಂದ್ರ ಸುಳ್ಳಾಗತೈತಿ."

"ಅವತ್ತು ಏನ್ ಮಾಡ್ತೀರಿ?"

"ನಿಮಗ ಹೇಳ್ತೀನಿ. ಅವ್ವಗಲ್ಲ."

ಕೈನಾತ ಮುಖ ಆಕಡೆ ತಿರುಗಿಸಿದಳು. ತುಟಿಯ ಮೂಲೆ ಮಾತು ಕೇಳಲಿಲ್ಲ, ನಗುತ್ತಿತ್ತು. ಮುಳಗುಂದದ ಬಸ್ಸು ಧೂಳೆಬ್ಬಿಸಿ ಬಂದು ನಿಂತಿತು. ಜನ ಕಿಟಕಿಯೊಳಗೆ ಟವೆಲ್ ಎಸೆಯತೊಡಗಿದರು. ಆಕೆ ಎರಡು ಹೆಜ್ಜೆ ಹೋಗಿ ನಿಂತಳು.

"ಐತವಾರ ನೀವೂ ಬರ್ರಿ," ಅಂದಳು. "ಕುಂತು ನೀರು ಕುಡದು ಎದ್ದು ಹೋಗೂದಲ್ಲ. ಊಟಕ್ಕ ಬರ್ರಿ."